ಮಾಚಿಕಬ್ಬೆಯ ಸಮಾಧಿಮರಣ

ಮಾಗಡಿಯ ಉತ್ತರಕ್ಕಿರುವ ಶಿವಗಂಗೆಯ ಬೆಟ್ಟ ಆಡಳಿತದ ಲೆಕ್ಕದಲ್ಲಿ ನೆಲಮಂಗಲ ತಾಲ್ಲೂಕಿಗೆ ಸೇರಿದ್ದರೂ ಮಾಗಡಿ ಸೀಮೆಯವರಿಗೆ ಅದು ತಮ್ಮದೇ ಬೆಟ್ಟ. ನೆತ್ತಿಗೇರಿದವರಿಗೆ ಕಡಿದಾದ ಒಂದು ಅಂಚನ್ನು ತೋರಿಸಿ, ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲೆ ಇಲ್ಲಿಂದಲೇ ಧುಮುಕಿದಳೆಂದು ಹೇಳುವುದುಂಟು. ಶಾಸನ ಇಷ್ಟು ಧಾರಾಳವಾಗಿಲ್ಲ. ಶಕವರ್ಷ 1053, ಎಂದರೆ ಕ್ರಿ.ಶ. 1131ರ ಚೈತ್ರದಲ್ಲಿ ರಾಣಿ ಶಿವಗಂಗೆಯಲ್ಲಿ ಸ್ವರ್ಗಸ್ಥಳಾದಳೆಂದು ಶ್ರವಣಬೆಳ್ಗೊಳದ ಚಿಕ್ಕಬೆಟ್ಟದ ಶಿಲಾಲೇಖ ತಿಳಿಸುತ್ತದೆ, ಹೇಗೆಂದು ಹೇಳುವುದಿಲ್ಲ.

ಅದೇ ಲೇಖ ಬಿಡಿಸಿ ಹೇಳುವ ಸಾವು ಶಾಂತಲೆಯ ತಾಯಿ ಮಾಚಿಕಬ್ಬೆಯದು. ಗಂಡ ಪೆರ್ಗಡೆ ಮಾರಸಿಂಗಯ್ಯ ಶೈವ, ಈಕೆ ಜಿನಭಕ್ತೆ. ಮಗಳೇ ಹೋದ ಮೇಲೆ ತಾನಿನ್ನು ಇರಲಾಗದೆಂದು ಬೆಳ್ಗೊಳಕ್ಕೆ ಬಂದು ಸನ್ಯಸನ ವ್ರತವನ್ನು ಕೈಕೊಂಡಳು. ಪ್ರಭಾಚಂದ್ರ, ವರ್ಧಮಾನ, ರವಿಚಂದ್ರ ಎಂಬ ಗುರುಗಳ ಸಮ್ಮುಖದಲ್ಲಿ, ಬಂಧುಗಳನ್ನು ಗಂಭೀರವಾಗಿ ಬೀಳ್ಕೊಟ್ಟು, ಅರೆಮುಚ್ಚಿದ ಕಣ್ಣುಗಳಿಂದ ಪಂಚಪದಗಳನ್ನು ಜಪಿಸುತ್ತ, ಒಂದು ತಿಂಗಳು ಉಪವಾಸವಿದ್ದು ಪ್ರಾಣಬಿಟ್ಟಳು.

ಇದನ್ನು ಓದುವಾಗ ನನಗೆ ರೋಮಿನ ಸೆನೆಕ ನೆನಪಾಗುತ್ತಾನೆ. ಮರಣವನ್ನು ದಿನದಿನವೂ ಅಭ್ಯಾಸಮಾಡಬೇಕೆಂದು ಬೋಧಿಸಿದ ಸ್ಟೋಯಿಕ್ ಪಂಥದ ದಾರ್ಶನಿಕ ಆತ. ಅವನಿಗೆ ಉಬ್ಬಸವಿತ್ತು, ವೈದ್ಯರು ಆ ರೋಗವನ್ನು ಸಾವಿನ ತಾಲೀಮು ಎಂದು ಕರೆಯುತ್ತಿದ್ದರೆಂದು ಗೆಳೆಯ ಲೂಸಿಲಿಯಸನಿಗೆ ಬರೆದಿದ್ದಾನೆ. ಕ್ರಿ.ಶ. 65ರಲ್ಲಿ ನೀರೋ ಚಕ್ರವರ್ತಿಯ ಅಪ್ಪಣೆ ಬಂದಾಗ, ಅಳುತ್ತಿದ್ದ ಮಿತ್ರರನ್ನು ಸಂತೈಸಿ ರಕ್ತನಾಳಗಳನ್ನು ಕೊಯ್ದುಕೊಂಡ. ಧೈರ್ಯವೇನೋ ದೊಡ್ಡದೇ. ಆದರೆ ಬದುಕುವ ದಾರಿಯನ್ನು ಅರಸ ಆಗಲೇ ಮುಚ್ಚಿದ್ದನು. ಮಾಚಿಕಬ್ಬೆಗೆ ಅಂಥ ಅಪ್ಪಣೆ ಯಾರದೂ ಇರಲಿಲ್ಲ.

ಇಲ್ಲಿ ಒಂದು ತೊಡಕಿದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಸಲ್ಲೇಖನಕ್ಕೆ ಐದು ಅತಿಚಾರಗಳನ್ನು, ಎಂದರೆ ವ್ರತಕ್ಕೆ ಕುಂದು ತರುವ ದೋಷಗಳನ್ನು, ಎಣಿಸುತ್ತದೆ. ಬದುಕಬೇಕೆಂಬ ಆಸೆ ಅವುಗಳಲ್ಲೊಂದು. ಸಾಯಬೇಕೆಂಬ ಆಸೆಯೂ ಒಂದು. ಪ್ರಿಯರಾದವರ ಮೇಲಿನ ಮೋಹ ಮತ್ತೊಂದು. ಹಾಗಾದರೆ ಮಗಳ ಅಗಲಿಕೆ ತಾಳಲಾರದೆ ವ್ರತ ಹಿಡಿದ ತಾಯಿ ಯಾವ ಲೆಕ್ಕಕ್ಕೆ ಸೇರುತ್ತಾಳೆ? ಶಾಸನಕವಿ ಈ ಪ್ರಶ್ನೆಯನ್ನೆತ್ತುವುದಿಲ್ಲ. ತಾಯಿಯ ಸಂಕಟದ ಮಾತನ್ನು ಮರೆಸುವುದೂ ಇಲ್ಲ. ಅದನ್ನು ಹಾಗೆಯೇ ಹೇಳಿ, ಆಮೇಲೆ ಉಪವಾಸದ ತಿಂಗಳನ್ನು ವರ್ಣಿಸುತ್ತಾನೆ. ಆ ಕ್ರಮದಲ್ಲೇ ಉತ್ತರವಿದೆಯೆಂದು ನನ್ನ ಭಾವನೆ. ಆಕೆ ಬೆಳ್ಗೊಳಕ್ಕೆ ಬಂದದ್ದು ದುಃಖದಿಂದಲೇ ಇರಬಹುದು. ಬಂಡೆಯಿಂದ ಧುಮುಕಿದವರಿಗೆ ಮರುಯೋಚನೆಗೆ ಎಡೆಯಿಲ್ಲ. ಉಪವಾಸ ಕುಳಿತವರಿಗೆ ಪ್ರತಿ ಬೆಳಗೂ ಹಸಿವು ಆ ಎಡೆಯನ್ನು ಕೊಡುತ್ತದೆ. ದುಃಖದ ಆವೇಶವೊಂದೇ ಅಷ್ಟು ದಿನ ಬಾಳುವುದು ಕಷ್ಟ.

ಮಗಳು 1123ರಲ್ಲಿ ಕಟ್ಟಿಸಿದ ಸವತಿಗಂಧವಾರಣ ಬಸದಿಯೂ ಅದೇ ಚಿಕ್ಕಬೆಟ್ಟದ ಮೇಲಿದೆ. ಶಾಸನವನ್ನು ನೋಡಹೋದವರು ಅದನ್ನೂ ಕಂಡು ಬರಬಹುದು.