ಉಪ್ಪುನೀರಿನ ಕಗ್ಗ: ಹೆಸರು ಬಂದರೆ ಸಾಲದು, ಕಟ್ಟೆ ನಿಲ್ಲಬೇಕು

ಕಗ್ಗ ಎಂದರೆ ನಾಡಿನ ಬಹಳ ಜನರಿಗೆ ಡಿವಿಜಿಯವರ ‘ಮಂಕುತಿಮ್ಮನ ಕಗ್ಗ’ ನೆನಪಾಗುತ್ತದೆ. ಕುಮಟಾದ ಗಜನಿ ಸೀಮೆಯಲ್ಲಿ ಕಗ್ಗ ಎಂದರೆ ಭತ್ತ. ಉಪ್ಪುನೀರು ತಾಗಿದರೂ ಸಾಯದ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಮತ್ತೆ ತಲೆ ಎತ್ತುವ, ಕೆಂಪು ಅಕ್ಕಿಯ ಭತ್ತ.

ಹೊಳನಗದ್ದೆಯ ಹೆಸರಲ್ಲೇ ಗದ್ದೆ ಇದೆ. ಅಲ್ಲಿಂದ ಉತ್ತರಕ್ಕೆ ಬಾಡ, ಕಾಗಾಲ ದಾಟಿದರೆ ಅಘನಾಶಿನಿ ನದಿ ಸಮುದ್ರ ಸೇರುತ್ತದೆ. ಉಬ್ಬರದಲ್ಲಿ ಉಪ್ಪುನೀರು ನದಿಯೊಳಗೆ ನುಗ್ಗುತ್ತದೆ, ಇಳಿತದಲ್ಲಿ ಹೊರಗೆ ಹೋಗುತ್ತದೆ. ಈ ನೀರಿನ ಪಕ್ಕದ ತಗ್ಗು ಭೂಮಿಗೆ ಕಟ್ಟೆ ಹಾಕಿ ಹಿರಿಯರು ಮಾಡಿಕೊಂಡ ಗದ್ದೆಯೇ ಗಜನಿ.

ಇಲ್ಲಿನ ಬೇಸಾಯದ ಕ್ರಮವೇ ಬೇರೆ. ಮಳೆ ಬಂದು ಮಣ್ಣಿನ ಉಪ್ಪು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜ ಬಿತ್ತುತ್ತಾರೆ. ನಾಟಿ ಇಲ್ಲ, ಗೊಬ್ಬರ ಕೊಳ್ಳುವುದಿಲ್ಲ. ನೀರು ತರುವ ಮೆಕ್ಕಲೇ ಗೊಬ್ಬರ. ಮಳೆಗಾಲ ಮುಗಿಯುವಾಗ ತೆನೆ ಕೊಯ್ದು ಹುಲ್ಲನ್ನು ಅಲ್ಲೇ ಬಿಡುತ್ತಾರೆ. ಆಮೇಲೆ ಜಂತ್ರಡಿ, ಅಂದರೆ ಕಟ್ಟೆಯ ನೀರಿನ ಬಾಗಿಲು, ತೆರೆದರೆ ಉಪ್ಪುನೀರಿನ ಜೊತೆ ಮೀನು, ಸಿಗಡಿ ಮರಿಗಳು ಒಳಗೆ ಬರುತ್ತವೆ. ಕೊಳೆತ ಹುಲ್ಲೇ ಅವುಗಳ ಮೇವಿಗೆ ಆಧಾರ. ಒಂದೇ ಗದ್ದೆಯಲ್ಲಿ ಅನ್ನವೂ ಆಯಿತು, ಸಾರಿಗೆ ಮೀನೂ ಆಯಿತು.

ನಮ್ಮ ಕರಾವಳಿಯ ಇತಿಹಾಸ ಓದಿದರೆ ಕಾಳುಮೆಣಸು ಸಿಗುತ್ತದೆ, ಮಿರ್ಜಾನ ಕೋಟೆ ಸಿಗುತ್ತದೆ, ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿ ಸಿಗುತ್ತಾಳೆ. ಹಡಗು ಹತ್ತಿದ ಸರಕಿಗೆ ಲೆಕ್ಕ ಬರೆದವರಿದ್ದರು. ಕೆಸರಿನಲ್ಲಿ ಬೆಳೆದು ಮನೆಯಲ್ಲೇ ಉಂಡ ಕಗ್ಗಕ್ಕೆ ಅಂಥ ಜಾಗ ಸಿಗಲಿಲ್ಲ. ಅದರ ದಾಖಲೆ ಉಳಿದದ್ದು ಬೀಜದ ಮುಡಿಯಲ್ಲಿ.

1970ರ ದಶಕದಲ್ಲಿ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಸರ್ಕಾರ ಶಾಶ್ವತ ಕಟ್ಟೆ ಕಟ್ಟಿಸಿತು. ಅದಕ್ಕೂ ಮೊದಲು ಮಣ್ಣಿನ ಕಟ್ಟೆ ಊರವರದೇ ಕೆಲಸ. ಹೊಸ ಕಟ್ಟೆ ಗಟ್ಟಿಯಾಗಿತ್ತು ನಿಜ, ಆದರೆ ಅದರ ಜವಾಬ್ದಾರಿ ಊರಿನ ಕೈಯಿಂದ ಇಲಾಖೆಯ ಕೈಗೆ ಹೋಯಿತು. ಮುಂದೆ ಸಿಗಡಿಗೆ ಬೆಲೆ ಬಂತು. ಭತ್ತಕ್ಕೆ ಸಿಹಿನೀರು ಬೇಕಾದ ಹೊತ್ತಲ್ಲಿ ಸಿಗಡಿಗೆ ಉಪ್ಪುನೀರು ಬೇಕು. ಬಾಗಿಲು ಯಾರ ಕೈಯಲ್ಲಿದೆಯೋ ಗದ್ದೆ ಅವರದಾಯಿತು. 1996ರಲ್ಲಿ ಸುಪ್ರೀಂ ಕೋರ್ಟ್ ಕರಾವಳಿಯ ದೊಡ್ಡ ಸಿಗಡಿ ಕೃಷಿಗೆ ತಡೆ ಹಾಕಿ, ಸಾಂಪ್ರದಾಯಿಕ ಪದ್ಧತಿಗೆ ವಿನಾಯಿತಿ ಕೊಟ್ಟಿತು. ಅಷ್ಟರಲ್ಲಿ ಎಷ್ಟೋ ಗಜನಿಗಳಲ್ಲಿ ಬಿತ್ತನೆ ನಿಂತಿತ್ತು. ಮಾಣಿಕಟ್ಟಾದಂಥ ಕಡೆ ರೈತರು ಕಗ್ಗ ಬಿಡದೆ ಉಳಿಸಿಕೊಂಡರು.

ಇಂಥ ಧಾನ್ಯಕ್ಕೆ ಸರ್ಕಾರದ ಮಾನ್ಯತೆ ಬಂದರೆ ಏನಾಗುತ್ತದೆ? ಅಮೆರಿಕದ ಒಂದು ಉದಾಹರಣೆ ನೋಡೋಣ. ಅಲ್ಲಿನ ದೊಡ್ಡ ಸರೋವರಗಳ ಸೀಮೆಯ ಮೂಲನಿವಾಸಿಗಳು ಓಜಿಬ್ವೆ ಜನ. ಅವರ ಕಾಡಕ್ಕಿಗೆ ‘ಮನೂಮಿನ್’ ಎಂದು ಹೆಸರು. ಅದು ಕೆರೆ, ಹೊಳೆಗಳಲ್ಲಿ ತಾನೇ ಬೆಳೆಯುತ್ತದೆ. ದೋಣಿಯಲ್ಲಿ ಕೂತು ಕೋಲಿನಿಂದ ತಟ್ಟಿ ಕಾಳು ಉದುರಿಸುತ್ತಾರೆ. 1837ರಲ್ಲಿ ಭೂಮಿ ಬಿಟ್ಟುಕೊಡುವಾಗಲೂ ಅದನ್ನು ಸಂಗ್ರಹಿಸುವ ಹಕ್ಕನ್ನು ಒಪ್ಪಂದದಲ್ಲಿ ಬರೆಸಿಕೊಂಡರು. 1977ರಲ್ಲಿ ಮಿನೆಸೋಟ ಅದನ್ನು ರಾಜ್ಯಧಾನ್ಯ ಎಂದಿತು. 2023ರಲ್ಲಿ ಮಿಶಿಗನ್ ತನ್ನ ಅಧಿಕೃತ ದೇಸಿ ಧಾನ್ಯ ಎಂದಿತು.

ಆದರೆ ಆ ಅಕ್ಕಿ ಬದುಕುವುದು ಶುದ್ಧ ನೀರಿನಲ್ಲಿ. ಅದು ಬೆಳೆಯುವ ನೀರಿನಲ್ಲಿ ಲೀಟರಿಗೆ 10 ಮಿಲಿಗ್ರಾಂಗಿಂತ ಹೆಚ್ಚು ಸಲ್ಫೇಟ್ ಇರಬಾರದು ಎಂದು ಮಿನೆಸೋಟ 1973ರಲ್ಲೇ ನಿಯಮ ಮಾಡಿತ್ತು. ಆ ನಿಯಮ ದಶಕಗಳ ಕಾಲ ಸರಿಯಾಗಿ ಜಾರಿಯಾಗಲಿಲ್ಲ. ಬಿರುದು ಕೊಡಲು ಯಾರಿಗೂ ಖರ್ಚಿಲ್ಲ, ನೀರು ಕಾಯಲು ಗಣಿಯವರ ಜೊತೆ ಜಗಳ ಆಡಬೇಕು.

ನಮ್ಮಲ್ಲೂ ಮಾನ್ಯತೆಯ ದಾರಿಗಳಿವೆ. ಭೌಗೋಳಿಕ ಗುರುತು, ಅಂದರೆ ಜಿಐ, ಹೆಸರನ್ನು ಕಾಯುತ್ತದೆ. ಕೇರಳದ ಉಪ್ಪುನೆಲದ ಪೊಕ್ಕಾಲಿ ಅಕ್ಕಿಗೂ, ನಮ್ಮ ಅಂಕೋಲೆಯ ಕರಿ ಇಶಾಡ ಮಾವಿಗೂ ಅದು ಸಿಕ್ಕಿದೆ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ರೈತರು ತಮ್ಮ ತಳಿಯನ್ನು ನೋಂದಾಯಿಸಬಹುದು. ಇನ್ನು 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ರಾಮ್ಸಾರ್ ಪಟ್ಟಿಗೆ ಸೇರಿತು. ಅಂದರೆ ಅದು ಜಗತ್ತಿನ ಮಹತ್ವದ ಜೌಗುಪ್ರದೇಶಗಳಲ್ಲಿ ಒಂದು. ಅದರ ವಿವರದಲ್ಲಿ ಗಜನಿ ಗದ್ದೆಯ ಹೆಸರೂ ಇದೆ; 6,000ದಿಂದ 7,500 ಕುಟುಂಬಗಳಿಗೆ ಈ ಅಳಿವೆ ಆಸರೆ ಎಂದೂ ಇದೆ.

ಹೆಸರು, ಬೀಜ, ನೀರು ಮೂರಕ್ಕೂ ಕಾಗದ ಬೇಕು. ಆದರೆ ಕಗ್ಗ ಒಬ್ಬರೇ ಬೆಳೆಯುವ ಬೆಳೆಯಲ್ಲ. ಕಟ್ಟೆ ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪುನೀರು. ಒಬ್ಬರೇ ಬಿತ್ತಿದರೆ ಸುತ್ತಲಿನ ಹಕ್ಕಿಯೆಲ್ಲ ಅದೇ ಗದ್ದೆಗೆ. ಭತ್ತದ ಬೀಜವನ್ನು ವರ್ಷಗಟ್ಟಲೆ ಮುಡಿಯಲ್ಲಿಟ್ಟರೆ ಮೊಳೆಯುವ ಶಕ್ತಿ ಹೋಗುತ್ತದೆ; ಬಿತ್ತುತ್ತಲೇ ಇರಬೇಕು.

ಹಾಗಾಗಿ ಮಾನ್ಯತೆಯ ಮಾತು ಬಂದಾಗ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಿ ಎನ್ನುತ್ತೇವೆ ನಾವು. ಮಳೆಗೆ ಮೊದಲು ಕಟ್ಟೆ ರಿಪೇರಿ ಯಾರು ಮಾಡುತ್ತಾರೆ? ಜಂತ್ರಡಿ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಹೇಳುವವರು ಯಾರು? ಈ ವರ್ಷ ಎಷ್ಟು ಮನೆಯಲ್ಲಿ ಕಗ್ಗದ ಬೀಜ ಇದೆ? ಉತ್ತರವನ್ನು ಠರಾವಿನಲ್ಲಿ ಬರೆಸಿ. ಕಗ್ಗಕ್ಕೆ ಬೇಕಾದ ಮೊದಲ ದಾಖಲೆ ಅದೇ.