ಗೋಡೆಯ ಸ್ವಿಚ್ಚಿನ ‘ಟಕ್’ ಎಲ್ಲಿಂದ ಬಂತು?



‘ರಿಲೇ’ ಎಂಬ ಮಾತು ರೇಡಿಯೋ ಕೇಳುವ ನಮಗೆ ಹೊಸದಲ್ಲ. ದೆಹಲಿಯ ವಾರ್ತೆಯನ್ನು ಇನ್ನೊಂದು ಊರಿನ ಕೇಂದ್ರ ಎತ್ತಿಕೊಂಡು ಮತ್ತೆ ಬಿತ್ತರಿಸಿದರೆ ಅದು ರಿಲೇ. ಇದೇ ಹೆಸರಿನ ಪುಟ್ಟ ಉಪಕರಣವೊಂದಿದೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಹೆಚ್ಚಾಗಿ ನೀಲಿ ಬಣ್ಣದ್ದು. ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲೋ ಚೆನ್ನೈನ ರಿಚಿ ಸ್ಟ್ರೀಟಿನಲ್ಲೋ ಕೇಳಿದರೆ ಡಬ್ಬಿಯಿಂದ ತೆಗೆದು ಕೊಡುತ್ತಾರೆ. ಫೋನಿನಿಂದಲೇ ಮನೆಯ ದೀಪ ಹಚ್ಚಬೇಕೆಂದು ಇದನ್ನು ತಂದು ಸ್ವಿಚ್‌ಬೋರ್ಡಿನೊಳಗೆ ಕೂರಿಸಲು ಹೊರಡುವ ಉತ್ಸಾಹಿಗಳು ನಿಮ್ಮ ಮನೆಯಲ್ಲೂ ಇರಬಹುದು, ನೀವೇ ಆಗಿರಲೂಬಹುದು. ಬೋರ್ಡಿನ ಸ್ಕ್ರೂ ಬಿಚ್ಚುವ ಮೊದಲು ಸ್ವಿಚ್ಚು ಮತ್ತು ರಿಲೇ ಎರಡರ ಕಥೆಯನ್ನೂ ಒಮ್ಮೆ ಕೇಳಿಬಿಡಿ. ಒಂದು ಬೆಂಕಿಗೆ ಹೆದರಿ ಹುಟ್ಟಿದ್ದು, ಇನ್ನೊಂದು ದೂರಕ್ಕೆ ಸೋತು ಹುಟ್ಟಿದ್ದು.

ಮೊದಲು ಸ್ವಿಚ್ಚು. 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಿಂದ ಎಡಿಸನ್ ದೀಪಗಳಿಗೆ ವಿದ್ಯುತ್ ಹಂಚತೊಡಗಿದಾಗ ಅದು ಡಿ.ಸಿ., ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು. ಹರಿಯುತ್ತಿರುವ ಕರೆಂಟನ್ನು ತಡೆಯುವುದು ಸುಲಭವಲ್ಲ. ಎರಡು ಲೋಹದ ತುದಿಗಳನ್ನು ನಿಧಾನವಾಗಿ ದೂರ ಮಾಡಿದರೆ ನಡುವಿನ ಗಾಳಿಯಲ್ಲೇ ಅದು ದಾರಿ ಮಾಡಿಕೊಂಡು ಉರಿಯುತ್ತದೆ. ವೆಲ್ಡಿಂಗ್ ಅಂಗಡಿಯ ಮುಂದೆ ಕಣ್ಣು ಕುಕ್ಕುತ್ತದಲ್ಲ, ಅದೇ ಬೆಳಕು! ಆ ಕಾಲದ ಸ್ವಿಚ್ಚುಗಳನ್ನು ಕೈ ಎಷ್ಟು ವೇಗವಾಗಿ ತಿರುಗಿಸುತ್ತದೋ ಅಷ್ಟೇ ವೇಗದಲ್ಲಿ ತುದಿಗಳು ಬೇರಾಗುತ್ತಿದ್ದವು. ಕಿಡಿ ಹಾರಿ ತುದಿಗಳು ಸುಡುತ್ತಿದ್ದವು.

ಇದಕ್ಕೆ ಪರಿಹಾರ ಕಂಡುಕೊಂಡವರು ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನ ಜಾನ್ ಹೆನ್ರಿ ಹೋಮ್ಸ್, 1884ರಲ್ಲಿ. ಅವರು ಒಳಗೊಂದು ಸ್ಪ್ರಿಂಗ್ ಇಟ್ಟರು. ಬೆರಳು ಒತ್ತುವುದು ಸ್ಪ್ರಿಂಗನ್ನು ಮಾತ್ರ. ಒಂದು ಹಂತ ದಾಟಿದೊಡನೆ ಅದು ತಾನಾಗಿ ಹಾರಿ ತುದಿಗಳನ್ನು ಥಟ್ಟನೆ ಬೇರ್ಪಡಿಸುತ್ತದೆ. ನೀವೆಷ್ಟೇ ನಿಧಾನವಾಗಿ ಒತ್ತಿದರೂ ಸ್ವಿಚ್ಚು ನಿಧಾನವಾಗಿ ಆರುವುದಿಲ್ಲ. ದಿನಕ್ಕೆ ಹತ್ತಾರು ಬಾರಿ ಕಿವಿಗೆ ಬೀಳುವ ‘ಟಕ್’ ಸದ್ದು ಆ ಸ್ಪ್ರಿಂಗಿನದು. ವಿದ್ಯುತ್ತಿನ ಚರಿತ್ರೆ ಬರೆಯುವವರು ಬಲ್ಬಿಗೆ ಕೊಡುವ ಜಾಗದ ಹತ್ತನೇ ಒಂದು ಪಾಲನ್ನೂ ಇದಕ್ಕೆ ಕೊಡುವುದಿಲ್ಲ. ಅನ್ಯಾಯ ಎನ್ನುವುದು ನನ್ನ ಅಭಿಪ್ರಾಯ.

ಮುಂದೆ ಎ.ಸಿ. ಬಂತು. ನಮ್ಮ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ದೀಪಗಳಿಗೆ ಹರಿದದ್ದು ಎ.ಸಿ.ಯೇ. ಇಂದು ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ, ಆ ಗಳಿಗೆಯಲ್ಲಿ ಕಿಡಿಯೂ ನಂದುತ್ತದೆ. ಡಿ.ಸಿ.ಗೆ ಈ ಬಿಡುವಿಲ್ಲ. ನೀಲಿ ರಿಲೇಯ ಮೈಮೇಲೆ ಬರೆದದ್ದನ್ನು ಓದಿ ನೋಡಿ: 10 ಆಂಪಿಯರ್, ಎ.ಸಿ.ಯಾದರೆ 250 ವೋಲ್ಟ್, ಡಿ.ಸಿ.ಯಾದರೆ ಬರೀ 30 ವೋಲ್ಟ್! ಹೋಮ್ಸ್ ಕಂಡ ಸಮಸ್ಯೆ ಇನ್ನೂ ಅಲ್ಲೇ ಅಚ್ಚಾಗಿ ಕೂತಿದೆ.

ಇನ್ನು ರಿಲೇ. ಇದು ಬಲ್ಬಿಗಿಂತಲೂ ಹಳೆಯದು. ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಪಾಠ ಹೇಳುತ್ತಿದ್ದ ಜೋಸೆಫ್ ಹೆನ್ರಿ 1835ರ ಸುಮಾರಿಗೆ ಇದನ್ನು ಮಾಡಿದರು. ಉದ್ದನೆಯ ತಂತಿಯಲ್ಲಿ ಕರೆಂಟು ಸೊರಗುತ್ತದೆ, ದೂರದ ತುದಿಯಲ್ಲಿ ದೊಡ್ಡ ಕೆಲಸ ಮಾಡುವ ಶಕ್ತಿ ಅದಕ್ಕಿರುವುದಿಲ್ಲ. ಹಾಗಾದರೆ ಅದು ಒಂದು ಪುಟ್ಟ ವಿದ್ಯುದಯಸ್ಕಾಂತವನ್ನು ಎಳೆದರೆ ಸಾಕು. ಆ ಅಯಸ್ಕಾಂತವೇ ಅಲ್ಲಿನ ಇನ್ನೊಂದು ಬ್ಯಾಟರಿಯ ದಾರಿಯನ್ನು ತೆರೆಯಲಿ, ಮುಚ್ಚಲಿ ಎಂದರು ಹೆನ್ರಿ. ತಮ್ಮ ಪ್ರಯೋಗಶಾಲೆಯಿಂದ ಮನೆಗೆ ತಂತಿ ಎಳೆದು, ಊಟ ಕಳಿಸುವಂತೆ ಮಡದಿಗೆ ಸಂಕೇತ ಕೊಡುತ್ತಿದ್ದರು ಎಂದೂ ಹೇಳುತ್ತಾರೆ. ‘ಸ್ಮಾರ್ಟ್ ಹೋಮ್’ ಆಗಲೇ ಶುರುವಾಗಿತ್ತು ಅನ್ನಿ!

ಹಳೇ ಮೈಸೂರಿನ ಅಂಚೆಯಾಳು ನೆನಪಾಗುತ್ತಾನೆ. ಒಬ್ಬ ಓಡಿ ಬಂದು ಚೀಲವನ್ನು ಕಟ್ಟೆಯಲ್ಲಿ ಕೊಡುತ್ತಿದ್ದ, ದಣಿಯದ ಇನ್ನೊಬ್ಬ ಅದನ್ನು ಮುಂದಕ್ಕೆ ಒಯ್ಯುತ್ತಿದ್ದ. ರಿಲೇ ಎಂಬ ಹೆಸರೂ ದಾರಿಯಲ್ಲಿ ಬದಲಿ ಕುದುರೆ ಕಟ್ಟುತ್ತಿದ್ದ ರೂಢಿಯಿಂದ ಬಂದದ್ದೇ. ಆದರೆ ಒಂದು ಸಂಗತಿ ಗಮನಿಸಿ. ಚೀಲ ಕೈ ಬದಲಾಗುತ್ತದೆ, ರಿಲೇಯಲ್ಲಿ ಏನೂ ಬದಲಾಗುವುದಿಲ್ಲ. ಸುರುಳಿಯ ಕಡೆಯ ಕರೆಂಟಿಗೂ ಆಚೆಯ ಕರೆಂಟಿಗೂ ತಂತಿಯ ಸಂಬಂಧವೇ ಇಲ್ಲ, ನಡುವೆ ಇರುವುದು ಅಯಸ್ಕಾಂತದ ಸೆಳೆತ ಮಾತ್ರ. ಟೆಲಿಗ್ರಾಫಿನವರಿಗೆ ಇದು ದೂರ ಕ್ರಮಿಸುವ ಉಪಾಯವಾಗಿತ್ತು. ನಮಗೆ ಇದೇ ಜೀವ ಉಳಿಸುವ ಗೋಡೆ: ಈಚೆ 5 ವೋಲ್ಟು, ಆಚೆ 230.

ನಂತರದ ಕಥೆ ಓಟದ್ದು. ಟೆಲಿಫೋನ್ ಎಕ್ಸ್‌ಚೇಂಜುಗಳು ರಿಲೇಗಳಿಂದ ತುಂಬಿದವು. ರಿಲೇಗಳಿಂದ ತರ್ಕಶಾಸ್ತ್ರವನ್ನೇ ಕಟ್ಟಬಹುದೆಂದು 1937ರಲ್ಲಿ ಕ್ಲಾಡ್ ಶಾನನ್ ತೋರಿಸಿದರು. 1947ರಲ್ಲಿ ಹಾರ್ವರ್ಡಿನ ಮಾರ್ಕ್-2 ಗಣಕಯಂತ್ರದ 70ನೇ ರಿಲೇಯೊಳಗೆ ಒಂದು ಪತಂಗ ಸಿಕ್ಕಿಬಿದ್ದು, ಅದನ್ನು ದಾಖಲೆ ಪುಸ್ತಕಕ್ಕೆ ಅಂಟಿಸಿದರು. ಮನೆಯ ವೈರಿಂಗಿನಲ್ಲೇ ಸಂಕೇತ ಕಳಿಸಿ ದೀಪ ಆರಿಸುವ ಎಕ್ಸ್-10 ಎಂಬ ವ್ಯವಸ್ಥೆ 1975ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿತು. 2014ರಲ್ಲಿ ಇಎಸ್‌ಪಿ-8266 ಎಂಬ ಅಗ್ಗದ ವೈಫೈ ಚಿಪ್ ಬಂದ ಮೇಲೆ ಇದೆಲ್ಲ ಅಡುಗೆಮನೆಯ ಮೇಜಿನ ಮೇಲೇ ಮಾಡಬಹುದಾದ ಕೆಲಸವಾಯಿತು. ಅಪಾಯವೂ ಅದೇ ಮೇಜಿಗೆ ಬಂತು.

ಚಿಪ್ಪಿನ ಪಿನ್ನು ರಿಲೇಯ ಸುರುಳಿಯನ್ನು ನೇರವಾಗಿ ನಡೆಸಲಾರದು, ನಡುವೆ ಟ್ರಾನ್ಸಿಸ್ಟರ್ ಬೇಕು. ಸುರುಳಿಗೆ ಅಡ್ಡಲಾಗಿ ಒಂದು ಡಯೋಡ್ ಕೂಡ ಬೇಕು. ಯಾಕೆ ಗೊತ್ತೇ? ಕರೆಂಟು ನಿಂತ ಕ್ಷಣ ಸುರುಳಿ ತನ್ನಿಂದ ತಾನೇ ಹೆಚ್ಚು ವೋಲ್ಟಿನ ಪೆಟ್ಟನ್ನು ಹಿಂದಕ್ಕೆ ಕೊಡುತ್ತದೆ. ಈ ಗುಣದ ಬಗ್ಗೆ 1832ರಲ್ಲಿ ಬರೆದವರೂ ಅದೇ ಹೆನ್ರಿ!

ಹೆನ್ರಿಯ ಗೋಡೆಯನ್ನು ಒಡೆಯುವುದು ಹೆಚ್ಚಾಗಿ ಅಗ್ಗದ ಪವರ್ ಸಪ್ಲೈ. ಟ್ರಾನ್ಸ್‌ಫಾರ್ಮರ್ ಇಲ್ಲದೆ ಬರೀ ಕೆಪಾಸಿಟರಿನಿಂದ 5 ವೋಲ್ಟು ಇಳಿಸುವ ಬೋರ್ಡುಗಳಲ್ಲಿ ಆ ‘5 ವೋಲ್ಟ್’ ಭಾಗವೂ ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಅಂಥದ್ದನ್ನು ಮೇನ್ಸಿಗೆ ಸೇರಿಸಿಟ್ಟು ಲ್ಯಾಪ್‌ಟಾಪಿನ ಕೇಬಲ್ ಚುಚ್ಚಿದರೆ ಲ್ಯಾಪ್‌ಟಾಪ್ ಹೋಗುವುದು ಸಣ್ಣ ನಷ್ಟ. ಪ್ರತ್ಯೇಕಿಸಿದ, ಪ್ರಮಾಣಿತ ಸಪ್ಲೈಯನ್ನೇ ಕೊಳ್ಳಿ. ರಿಲೇ ಬೋರ್ಡಿನಲ್ಲಿ ಎರಡು ಬದಿಗಳ ನಡುವೆ ಸಾಕಷ್ಟು ಅಂತರ, ಕೆಲವೊಮ್ಮೆ ಕೊರೆದ ಸೀಳು ಇರುತ್ತದೆ. ಅದನ್ನು ಬೆಸುಗೆಯಿಂದ ತುಂಬಬೇಡಿ.

ಹೋಮ್ಸ್ ಕಿಡಿಯೂ ಇಲ್ಲಿದೆ. ಎಲ್‌ಇಡಿ ಬಲ್ಬು ಬಳಸುವುದು 9 ವ್ಯಾಟ್ ಇರಬಹುದು, ಆದರೆ ಹತ್ತುವ ಮೊದಲ ಕ್ಷಣ ಅದರೊಳಗಿನ ಕೆಪಾಸಿಟರ್ ಅನೇಕ ಪಟ್ಟು ಕರೆಂಟು ಎಳೆಯುತ್ತದೆ. ಹತ್ತು ಬಲ್ಬು ಒಂದೇ ರಿಲೇಗೆ ಕಟ್ಟಿದರೆ ತುದಿಗಳು ಬೆಸೆದುಕೊಳ್ಳಬಹುದು. ಆಗ ಫೋನು ‘ಆಫ್’ ಎನ್ನುತ್ತದೆ, ದೀಪ ಉರಿಯುತ್ತಲೇ ಇರುತ್ತದೆ. ಗೀಸರ್ ಅಂತೂ ಈ ನೀಲಿ ಡಬ್ಬಿಯ ಕೆಲಸವೇ ಅಲ್ಲ, ಅದಕ್ಕೆ ಕಾಂಟ್ಯಾಕ್ಟರ್ ಬೇಕು.

ಗೋಡೆಯ ಸ್ವಿಚ್ಚನ್ನು ಕಿತ್ತೆಸೆಯಬೇಕಾಗಿಲ್ಲ. ಮಹಡಿ ಮೆಟ್ಟಿಲಿನ ದೀಪಕ್ಕೆ ಕೆಳಗೊಂದು ಮೇಲೊಂದು ಟೂ-ವೇ ಸ್ವಿಚ್ಚು ಇರುತ್ತದಲ್ಲ? ರಿಲೇಗೂ ಅಂಥವೇ ಮೂರು ತುದಿಗಳಿವೆ. ಒಂದು ಟೂ-ವೇ ಸ್ವಿಚ್ಚಿನ ಜಾಗದಲ್ಲಿ ರಿಲೇ ಕೂತರೆ, ವೈಫೈ ಸತ್ತರೂ ಅಜ್ಜಿ ಎಂದಿನಂತೆ ದೀಪ ಹಚ್ಚಬಹುದು. ರಿಲೇ ಕಡಿಯುವುದು ಫೇಸನ್ನೇ ಆಗಿರಲಿ; ನ್ಯೂಟ್ರಲ್ ಕಡಿದರೆ ದೀಪ ಆರಿದರೂ ಹೋಲ್ಡರಿನಲ್ಲಿ ಕರೆಂಟು ಕಾಯುತ್ತಿರುತ್ತದೆ. ಕರೆಂಟು ಹೋಗಿ ಬಂದಾಗ ರಿಲೇ ಯಾವ ಸ್ಥಿತಿಯಲ್ಲಿ ಏಳುತ್ತದೆ ಎಂಬುದನ್ನೂ ಮೊದಲೇ ಪರೀಕ್ಷಿಸಿ. ಬಲ್ಬು ಬದಲಾಯಿಸುವಾಗ ಫೋನನ್ನು ನಂಬದೆ ಎಂ.ಸಿ.ಬಿ. ಇಳಿಸಿ.

ನಿಯಮದ ಮಾತೂ ಇದೆ. ಸ್ವಿಚ್ಚನ್ನು ಅಂಥದೇ ಇನ್ನೊಂದರಿಂದ ಬದಲಾಯಿಸಲು ಅಡ್ಡಿಯಿಲ್ಲ, ವೈರಿಂಗನ್ನೇ ಮಾರ್ಪಡಿಸುವುದಾದರೆ ಲೈಸೆನ್ಸ್ ಇರುವವರ ಕೈಯಲ್ಲೇ ಮಾಡಿಸಬೇಕು. ಬಾಡಿಗೆ ಮನೆಯಾದರೆ ಮಾಲೀಕರಿಗೂ ಒಂದು ಮಾತು ಹೇಳಿ. ಈ ಸಂಜೆ ಒಂದು ಕೆಲಸ ಮಾಡಿ: ಮೀಟರಿನ ಹತ್ತಿರದ ಡಬ್ಬಿಯಲ್ಲಿ ‘ಟಿ’ ಅಥವಾ ‘ಟೆಸ್ಟ್’ ಎಂದು ಬರೆದ ಗುಂಡಿ ಇದೆಯೇ ನೋಡಿ. ಅದು ಆರ್.ಸಿ.ಸಿ.ಬಿ.; 30 ಮಿಲಿಆಂಪಿಯರಿನದಾದರೆ, ಕರೆಂಟು ಮೈಯಿಂದ ನೆಲಕ್ಕೆ ಹರಿದಾಗ ಥಟ್ಟನೆ ಕಡಿಯುವುದು ಅದೇ, ಎಂ.ಸಿ.ಬಿ. ಅಲ್ಲ. ಒತ್ತಿದಾಗ ಕರೆಂಟು ಹೋಗಬೇಕು. ಹೋಗದಿದ್ದರೆ, ಅಥವಾ ಗುಂಡಿಯೇ ಇಲ್ಲದಿದ್ದರೆ, ರಿಲೇ ಕೊಳ್ಳುವ ಮೊದಲು ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡಿ.