ಸಣ್ಣ ಉದ್ದಿಮೆಗಳಿಗೆ ಕೃತಕ ಬುದ್ಧಿಮತ್ತೆಯ ನೆರವು: ಪ್ರಾಂಪ್ಟ್ ಬರೆಯುವ ಬಗೆ

ಮುಂಬಯಿ ಕನ್ನಡಿಗರ ಬದುಕಿನಲ್ಲಿ ಸಣ್ಣ ಉದ್ದಿಮೆಗಳ ಪಾತ್ರ ಹಿರಿದಾದುದು. ಉಡುಪಿ ಹೋಟೆಲುಗಳಿಂದ ಹಿಡಿದು ಹಪ್ಪಳ-ಸಂಡಿಗೆಯ ಗೃಹೋದ್ಯಮ, ಹೊಲಿಗೆ ಅಂಗಡಿ, ಮನೆಪಾಠ, ಕೇಟರಿಂಗ್‌ವರೆಗೆ ಅನೇಕ ಕುಟುಂಬಗಳು ಸ್ವಂತ ದುಡಿಮೆಯಿಂದಲೇ ಈ ಮಹಾನಗರದಲ್ಲಿ ನೆಲೆ ಕಂಡುಕೊಂಡಿವೆ. ಇಂಥ ಉದ್ದಿಮೆಗಳಲ್ಲಿ ಕೆಲಸ ಬಲ್ಲವರಿಗೆ ಕೊರತೆಯಿಲ್ಲ. ಆದರೆ ಜಾಹೀರಾತು, ದರಪಟ್ಟಿ, ಬಾಕಿ ವಸೂಲಿಯ ಪತ್ರ, ಬ್ಯಾಂಕಿನ ಅರ್ಜಿ ಮೊದಲಾದವುಗಳನ್ನು ಬರೆಯಲು ಪ್ರತ್ಯೇಕ ಗುಮಾಸ್ತರನ್ನು ಇಟ್ಟುಕೊಳ್ಳುವ ಅನುಕೂಲ ಇರುವುದಿಲ್ಲ.

2022ರ ನವೆಂಬರ್ 30ರಂದು ಓಪನ್‌ಎಐ ಸಂಸ್ಥೆಯ ಚಾಟ್‌ಜಿಪಿಟಿ ಸಾರ್ವಜನಿಕರಿಗೆ ದೊರೆಯಿತು. ತರುವಾಯ ಗೂಗಲ್‌ನ ಜೆಮಿನಿ, ಮೈಕ್ರೋಸಾಫ್ಟ್‌ನ ಕೋಪೈಲಟ್ ಮುಂತಾದವು ಬಂದವು. ಬರವಣಿಗೆಯ ಕೆಲಸಕ್ಕೆ ಮೊಬೈಲಿನಲ್ಲಿಯೇ ಒಬ್ಬ ಸಹಾಯಕ ದೊರೆತಂತಾಯಿತು. ಆದರೂ ಇದನ್ನು ಒಮ್ಮೆ ಬಳಸಿ ನೋಡಿದ ಹಲವರು, ‘ಏನೋ ಬರೆಯುತ್ತದೆ, ನಮ್ಮ ಅಂಗಡಿಗೆ ಹೊಂದುವುದಿಲ್ಲ’ ಎಂದು ಕೈಬಿಡುವುದುಂಟು. ತೊಡಕು ಬಹುತೇಕ ಇರುವುದು ನಾವು ಕೊಡುವ ಸೂಚನೆಯಲ್ಲಿ. ಆ ಸೂಚನೆಗೇ ಪ್ರಾಂಪ್ಟ್ ಎಂದು ಹೆಸರು.

ಪ್ರಾಂಪ್ಟ್ ಎಂದರೇನು?

ನಮ್ಮ ಸಂಘಗಳ ನಾಟಕಗಳನ್ನು ಕಂಡವರಿಗೆ ಪ್ರಾಂಪ್ಟರ್ ಎಂಬ ಶಬ್ದ ಹೊಸತಲ್ಲ. ರಂಗದ ಮರೆಯಲ್ಲಿ ನಿಂತು, ನಟ ಮರೆತ ಮಾತನ್ನು ಮೆಲುದನಿಯಲ್ಲಿ ನೆನಪಿಸುವವನೇ ಪ್ರಾಂಪ್ಟರ್. ಎಐ ಯಂತ್ರಕ್ಕೆ ಸೂಚನೆ ಕೊಡುವಾಗ ನಾವು ನಿಲ್ಲುವುದೂ ಅದೇ ಜಾಗದಲ್ಲಿ. ಆದರೆ ಒಂದು ವ್ಯತ್ಯಾಸವಿದೆ. ನಟನಿಗೆ ನಾಟಕ ಗೊತ್ತಿರುತ್ತದೆ, ಒಂದು ಪದ ಹೇಳಿದರೆ ಸಾಕು. ಯಂತ್ರ ಸಾವಿರಾರು ನಾಟಕಗಳನ್ನು ಓದಿದ್ದರೂ ನಮ್ಮ ನಾಟಕವನ್ನು ಓದಿಲ್ಲ.

ಈ ಯಂತ್ರಗಳು ಅಪಾರ ಪ್ರಮಾಣದ ಪಠ್ಯವನ್ನು ಆಧರಿಸಿ, ಒಂದು ಮಾತಿನ ಬಳಿಕ ಯಾವ ಮಾತು ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕಿ ವಾಕ್ಯ ಕಟ್ಟುತ್ತವೆ. ನಿಮ್ಮ ಅಂಗಡಿಯ ದರ, ಗಿರಾಕಿಗಳ ಸ್ವಭಾವ, ನಿಮ್ಮ ಮನೆಯ ಸಾರಿನ ಪುಡಿಯ ವಿಶೇಷ ಇವಾವುವೂ ಆ ಪಠ್ಯದಲ್ಲಿಲ್ಲ. ನೀವು ಹೇಳದೆ ಬಿಟ್ಟ ಜಾಗವನ್ನು ಯಂತ್ರ ಸಾಮಾನ್ಯವಾಗಿ ಖಾಲಿ ಬಿಡದೆ ಊಹೆಯಿಂದ ತುಂಬುತ್ತದೆ. ಎಲ್ಲರಿಗೂ ಹೊಂದುವ, ಯಾರಿಗೂ ನಿಜವಾಗಿ ಹೊಂದದ ಮಾತುಗಳು ಬರುವುದು ಹೀಗೆ. ಭಾಷೆಯನ್ನು ಯಂತ್ರ ಒದಗಿಸಬಲ್ಲದು, ವಿಷಯವನ್ನು ಒದಗಿಸಬೇಕಾದವರು ನಾವು.

ಪ್ರಾಂಪ್ಟಿನ ಐದು ಅಂಗಗಳು

ಉತ್ತಮ ಪ್ರಾಂಪ್ಟಿನಲ್ಲಿ ಈ ಐದು ಸಂಗತಿಗಳಿದ್ದರೆ ಸಾಕಾಗುತ್ತದೆ.

1. ನಾವು ಯಾರು: ಉದ್ದಿಮೆ ಯಾವುದು, ಎಲ್ಲಿದೆ, ಎಷ್ಟು ದೊಡ್ಡದು.
2. ಓದುವವರು ಯಾರು: ಹಳೆಯ ಗಿರಾಕಿಯೇ, ಹೊಸಬರೇ, ಕಚೇರಿಯೇ.
3. ಆಗಬೇಕಾದ ಕೆಲಸ: ವಾಟ್ಸ್‌ಆ್ಯಪ್ ಸಂದೇಶವೇ, ಪತ್ರವೇ, ಎಷ್ಟು ಉದ್ದ, ಯಾವ ಭಾಷೆ.
4. ನಿಜವಾದ ವಿವರಗಳು: ದರ, ದಿನಾಂಕ, ಪ್ರಮಾಣ, ಷರತ್ತು.
5. ಮಾಡಬಾರದ್ದು: ಯಾವ ಮಾತು ಬೇಡ, ಯಾವುದನ್ನು ಊಹಿಸಬಾರದು.

ಮೊದಲ ಮೂರನ್ನು ಬಹುತೇಕರು ಬರೆಯುತ್ತಾರೆ. ಪ್ರಯೋಜನ ಹೆಚ್ಚುವುದು ಕೊನೆಯ ಎರಡರಿಂದ.

ಒಂದು ಉದಾಹರಣೆ

ಡೊಂಬಿವಲಿಯಲ್ಲಿ ಮನೆಯಿಂದಲೇ ತಿಂಡಿ-ಊಟ ಸಿದ್ಧಪಡಿಸಿ ಕೊಡುವ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಗಣೇಶ ಚತುರ್ಥಿಗೆ ಹೋಳಿಗೆಯ ಆರ್ಡರ್ ಪಡೆಯಬೇಕಾಗಿದೆ. ‘ಹೋಳಿಗೆಗೆ ಒಳ್ಳೆಯ ಜಾಹೀರಾತು ಬರೆದುಕೊಡು’ ಎಂದು ಕೇಳಿದರೆ, ‘ಅಪ್ರತಿಮ ರುಚಿ’, ‘ತಲೆಮಾರುಗಳ ಪರಂಪರೆ’ ಎಂಬ ಅಲಂಕಾರಗಳೊಂದಿಗೆ, ನೀವು ಕೊಡದ ರಿಯಾಯಿತಿಯೂ ಅದರಲ್ಲಿ ಸೇರಿಕೊಂಡೀತು. ಅದನ್ನೇ ಹೀಗೆ ಬರೆಯಬಹುದು:

‘ನಾವು ಡೊಂಬಿವಲಿ ಪೂರ್ವದಲ್ಲಿ ಮನೆಯಿಂದ ಅಡುಗೆ ಮಾಡಿ ಕೊಡುವವರು, ಇಬ್ಬರೇ ಕೆಲಸ ಮಾಡುತ್ತೇವೆ. ನಮ್ಮ ಹಳೆಯ ಗಿರಾಕಿಗಳ ವಾಟ್ಸ್‌ಆ್ಯಪ್ ಬಳಗಕ್ಕೆ ಕನ್ನಡದಲ್ಲಿ 60 ಪದಗಳೊಳಗೆ ಒಂದು ಸಂದೇಶ ಬೇಕು. ಕಡಲೆಬೇಳೆ ಹೋಳಿಗೆ ಒಂದಕ್ಕೆ 40 ರೂಪಾಯಿ, ಕನಿಷ್ಠ 10 ಹೋಳಿಗೆ. ಹಬ್ಬಕ್ಕೆ ಮೂರು ದಿನ ಮುಂಚೆ ಸಂಜೆ 6 ಗಂಟೆಗೆ ಆರ್ಡರ್ ನಿಲ್ಲಿಸುತ್ತೇವೆ. ಗಿರಾಕಿಗಳೇ ಬಂದು ಒಯ್ಯಬೇಕು. ರಿಯಾಯಿತಿ ಇಲ್ಲ. ಆರೋಗ್ಯದ ಬಗ್ಗೆ ಯಾವ ಹೇಳಿಕೆಯೂ ಬೇಡ. ನಾನು ಕೊಡದ ವಿವರವನ್ನು ಸೇರಿಸಬೇಡ, ಬೇಕಾದರೆ ನನ್ನನ್ನು ಕೇಳು.’

ಕೊನೆಯ ವಾಕ್ಯದ ಬೆಲೆ ದೊಡ್ಡದು. ಊಹಿಸುವ ಬದಲು ಪ್ರಶ್ನೆ ಕೇಳಲು ಅದು ಯಂತ್ರಕ್ಕೆ ಅವಕಾಶ ಕೊಡುತ್ತದೆ. ಮೊದಲ ಉತ್ತರ ಹಿಡಿಸದಿದ್ದರೆ ಎಲ್ಲವನ್ನೂ ಮತ್ತೆ ಬರೆಯಬೇಕಾಗಿಲ್ಲ. ‘ಎರಡನೆಯ ವಾಕ್ಯ ಉದ್ದವಾಯಿತು, ಹೊಗಳಿಕೆ ಕಡಿಮೆ ಮಾಡು’ ಎಂದು ತಪ್ಪನ್ನು ನಿರ್ದಿಷ್ಟವಾಗಿ ತೋರಿಸಿದರಾಯಿತು.

ಪದಗಳ ತೊಡಕು

ಪ್ರಾಂಪ್ಟನ್ನು ಇಂಗ್ಲಿಷಿನಲ್ಲಿಯೇ ಬರೆಯಬೇಕೆಂಬ ನಿಯಮವಿಲ್ಲ. ಕನ್ನಡದಲ್ಲಿ ಬರೆದು, ಮರಾಠಿಯಲ್ಲೋ ಹಿಂದಿಯಲ್ಲೋ ಉತ್ತರ ಪಡೆಯಬಹುದು. ಹೊರನಾಡಿನಲ್ಲಿರುವ ನಮಗೆ ಇದು ದೊಡ್ಡ ಅನುಕೂಲ. ಆದರೆ ನಮ್ಮ ತಿಂಡಿಗಳ ಹೆಸರನ್ನು ಯಂತ್ರ ಸರಿಯಾಗಿ ಅರ್ಥ ಮಾಡಿಕೊಳ್ಳುತ್ತದೆಂದು ನಂಬುವಂತಿಲ್ಲ. ಬನ್ಸ್ ಎಂದರೆ ಮಂಗಳೂರಿನವರಿಗೆ ಬಾಳೆಹಣ್ಣು, ಮೈದಾ ಕಲಸಿ ಎಣ್ಣೆಯಲ್ಲಿ ಕರಿದ ತಿಂಡಿ, ಯಂತ್ರಕ್ಕೆ ಅದು ಬೇಕರಿಯ ಬನ್ ಆಗಿಬಿಡಬಹುದು. ಪತ್ರೊಡೆಯನ್ನು ಮರಾಠಿಗೆ ತರುವಾಗ ಅದು ಅಳುವಡಿ ಎಂದು ಬರೆದೀತು. ಎರಡಕ್ಕೂ ಕೆಸುವಿನ ಎಲೆಯೇ ಆದರೂ, ಅಳುವಡಿಗೆ ಹಚ್ಚುವುದು ಕಡಲೆ ಹಿಟ್ಟು, ಪತ್ರೊಡೆಗೆ ನೆನೆಸಿ ರುಬ್ಬಿದ ಅಕ್ಕಿ. ಕಡಲೆ ಹಿಟ್ಟು ಆಗದ ಗಿರಾಕಿಗೆ ಈ ವ್ಯತ್ಯಾಸ ಸಣ್ಣದಲ್ಲ. ಆದ್ದರಿಂದ ತಿಂಡಿಯ ಹೆಸರಿನ ಜೊತೆಗೆ ಅದರ ಸಾಮಗ್ರಿಯನ್ನೂ ಬರೆದುಕೊಡಬೇಕು. ಮರಾಠಿಯ ಸಂದೇಶವನ್ನು ಕಳುಹಿಸುವ ಮುನ್ನ ನೆರೆಮನೆಯ ಮರಾಠಿಗರೊಬ್ಬರಿಗೆ ತೋರಿಸುವುದು ಲೇಸು.

ಬಾಕಿ ವಸೂಲಿಯ ಪತ್ರ

ಇದೇ ಕುಟುಂಬ ಒಂದು ಕಚೇರಿಗೆ ದಿನವೂ ಊಟ ಕೊಡುತ್ತಿದ್ದು, ಎರಡು ತಿಂಗಳ ಹಣ ಬಾಕಿ ಇದೆ ಎಂದಿಟ್ಟುಕೊಳ್ಳೋಣ. ಕೇಳಲು ಸಂಕೋಚ, ಕೇಳದಿದ್ದರೆ ದಿನಸಿಗೆ ಹಣವಿಲ್ಲ. ಇಲ್ಲಿ ಪ್ರಾಂಪ್ಟಿನಲ್ಲಿ ಬಿಲ್ಲಿನ ಸಂಖ್ಯೆ, ದಿನಾಂಕ, ಮೊತ್ತ, ಒಪ್ಪಿಕೊಂಡ ಗಡುವು ಇವುಗಳ ಜೊತೆಗೆ, ‘ಇವರು ಹಳೆಯ ಗಿರಾಕಿ, ಸಂಬಂಧ ಕೆಡಬಾರದು, ಬೆದರಿಕೆಯ ಮಾತು ಬೇಡ, ಆದರೆ ಹಣ ಯಾವ ದಿನಕ್ಕೆ ಬೇಕೆಂಬುದು ಸ್ಪಷ್ಟವಾಗಿರಲಿ’ ಎಂದು ಧಾಟಿಯನ್ನೂ ತಿಳಿಸಬೇಕು.

ಕಾನೂನಿನ ಬಲವೂ ಇದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಂತೆ, ಸರಕು ತಯಾರಿಸುವ ಅಥವಾ ಸೇವೆ ಒದಗಿಸುವ ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗೆ ಕೊಡಬೇಕಾದ ಹಣಕ್ಕೆ ಲಿಖಿತ ಒಪ್ಪಂದವಿದ್ದರೂ ಗಡುವು 45 ದಿನಗಳನ್ನು ಮೀರುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳ ಚಕ್ರಬಡ್ಡಿಯಾಗಿ ಕೊಡಬೇಕಾಗುತ್ತದೆ. ಇದರ ಪ್ರಯೋಜನ ಪಡೆಯಲು ಉದ್ಯಮ್ ನೋಂದಣಿ ಮೊದಲೇ ಆಗಿರಬೇಕು, ಅದಕ್ಕೆ ಶುಲ್ಕವಿಲ್ಲ. ಯಂತ್ರ ಬರೆದ ಪತ್ರದಲ್ಲಿ ಕಾಯ್ದೆಯ ಹೆಸರು, ಸೆಕ್ಷನ್ ಕಂಡಕೂಡಲೇ ನಂಬದೆ, ತಿಳಿದವರಲ್ಲಿ ವಿಚಾರಿಸಬೇಕು. ಇಲ್ಲದ ಸೆಕ್ಷನ್ನನ್ನು ಕೂಡ ಅದು ಅಷ್ಟೇ ಧೈರ್ಯದಿಂದ ಬರೆಯಬಲ್ಲದು.

ಅಂಕಿಗಳ ವಿಷಯದಲ್ಲಿ ಎಚ್ಚರ

ಜಿಎಸ್‌ಟಿಯ ಕಾಂಪೊಸಿಷನ್ ಯೋಜನೆಯನ್ನು ಆಯ್ದುಕೊಂಡ ವ್ಯಾಪಾರಿ ಗಿರಾಕಿಯಿಂದ ಪ್ರತ್ಯೇಕವಾಗಿ ತೆರಿಗೆ ವಸೂಲು ಮಾಡುವಂತಿಲ್ಲ. ಇದನ್ನು ತಿಳಿಸದೆ ದರಪಟ್ಟಿ ಕೇಳಿದರೆ, ಕೊನೆಯಲ್ಲಿ ‘ಜಿಎಸ್‌ಟಿ ಪ್ರತ್ಯೇಕ’ ಎಂಬ ಸಾಲು ಬರಬಹುದು. ಆಹಾರ ವ್ಯಾಪಾರಿಗಳು ಬಿಲ್ಲಿನಲ್ಲಿ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆಯನ್ನು ನಮೂದಿಸುವುದು 2022ರ ಜನವರಿ 1ರಿಂದ ಕಡ್ಡಾಯವಾಗಿದೆ. ಬಿಲ್ಲಿನ ಮಾದರಿ ಬರೆಸುವಾಗ ‘ಸಂಖ್ಯೆಯ ಜಾಗವನ್ನು ಖಾಲಿ ಬಿಡು’ ಎಂದು ಸೂಚಿಸಿ, ಪ್ರಮಾಣಪತ್ರ ನೋಡಿ ನಾವೇ ತುಂಬುವುದು ಕ್ಷೇಮ.

ಸಾಲದ ಅರ್ಜಿಗಳನ್ನು ದಿನವೂ ನೋಡುವ ನಮ್ಮಂಥ ಬ್ಯಾಂಕ್ ನೌಕರರ ಅನುಭವದ ಮಾತೊಂದಿದೆ. ಅರ್ಜಿಯ ಭಾಷೆ ಎಷ್ಟೇ ಸೊಗಸಾಗಿದ್ದರೂ, ಅದರಲ್ಲಿ ಕಾಣಿಸಿದ ವಹಿವಾಟು ಖಾತೆಯ ಸ್ಟೇಟ್‌ಮೆಂಟಿಗೂ ತೆರಿಗೆಯ ರಿಟರ್ನಿಗೂ ತಾಳೆಯಾಗದಿದ್ದರೆ ಅರ್ಜಿದಾರರ ಮೇಲಿನ ವಿಶ್ವಾಸವೇ ಕುಂದುತ್ತದೆ. ‘ಮುದ್ರಾ ಸಾಲಕ್ಕೆ ಪ್ರಾಜೆಕ್ಟ್ ರಿಪೋರ್ಟ್ ಬರೆ’ ಎಂದಷ್ಟೇ ಕೇಳಿದರೆ ಯಂತ್ರ ಮೂರು ವರ್ಷಗಳ ಲಾಭವನ್ನು ತಾನೇ ಸೃಷ್ಟಿಸೀತು. ಸರಿಯಾದ ಕ್ರಮವೆಂದರೆ, ಕಳೆದ 12 ತಿಂಗಳ ಮಾರಾಟ, ದಿನಸಿ, ಗ್ಯಾಸ್, ಬಾಡಿಗೆ, ಸಂಬಳದ ಮೊತ್ತಗಳನ್ನು ನಾವೇ ಕೊಟ್ಟು, ‘ಈ ಅಂಕಿಗಳನ್ನು ಮಾತ್ರ ಬಳಸು, ಕೂಡಿದ ಲೆಕ್ಕವನ್ನು ಹಂತಹಂತವಾಗಿ ತೋರಿಸು’ ಎಂದು ಬರೆಯುವುದು. ಬಂದ ಮೊತ್ತವನ್ನು ಕ್ಯಾಲ್ಕ್ಯುಲೇಟರಿನಲ್ಲಿ ಮತ್ತೊಮ್ಮೆ ಕೂಡಿ ನೋಡಬೇಕು. ಅರ್ಜಿಯ ಕೆಳಗೆ ಬೀಳುವುದು ಯಂತ್ರದ ರುಜುವಲ್ಲ, ನಮ್ಮದು.

ಕೊಡಬಾರದ ಮಾಹಿತಿ

ಆಧಾರ್, ಪ್ಯಾನ್, ಖಾತೆ ಸಂಖ್ಯೆ, ಒಟಿಪಿ, ಪಾಸ್‌ವರ್ಡ್‌ಗಳನ್ನು ಪ್ರಾಂಪ್ಟಿನಲ್ಲಿ ಎಂದಿಗೂ ಬರೆಯಬಾರದು. ಗಿರಾಕಿಗಳ ಹೆಸರು, ಫೋನ್ ಸಂಖ್ಯೆ, ವಿಳಾಸಗಳ ಪಟ್ಟಿಯನ್ನು ಅದಕ್ಕೆ ಒಪ್ಪಿಸುವುದೂ ಸಲ್ಲದು. ಅವರು ಅದನ್ನು ನಮಗೆ ಕೊಟ್ಟದ್ದು ಊಟ ತಲುಪಿಸಲೆಂದು. ವ್ಯಕ್ತಿಗಳ ಡಿಜಿಟಲ್ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ಸಂಸತ್ತು ಪ್ರತ್ಯೇಕ ಕಾಯ್ದೆಯನ್ನೇ ಅಂಗೀಕರಿಸಿದೆ. ಪತ್ರ ಬರೆಸುವಾಗ ಹೆಸರಿನ ಬದಲು ‘ಗಿರಾಕಿ’ ಎಂದು ಬರೆದು, ನಿಜವಾದ ಹೆಸರನ್ನು ಆಮೇಲೆ ನಾವೇ ಸೇರಿಸಿದರೆ ಕೆಲಸಕ್ಕೆ ಯಾವ ಕೊರತೆಯೂ ಆಗದು.

ರೂಢಿಯಿಂದ ಸಿದ್ಧಿ

ಒಮ್ಮೆ ಚೆನ್ನಾಗಿ ಫಲ ಕೊಟ್ಟ ಪ್ರಾಂಪ್ಟನ್ನು ಒಂದು ಪುಸ್ತಕದಲ್ಲಿಯೋ ಮೊಬೈಲಿನಲ್ಲಿಯೋ ಬರೆದಿಟ್ಟುಕೊಳ್ಳಬೇಕು. ಮುಂದಿನ ಹಬ್ಬಕ್ಕೆ ದರ, ದಿನಾಂಕ ಬದಲಿಸಿದರೆ ಸಾಕು. ಮನೆಯ ಮಕ್ಕಳು ಮೊಬೈಲು ಬಳಸುವುದರಲ್ಲಿ ಚುರುಕು, ಹಿರಿಯರಿಗೆ ವ್ಯಾಪಾರದ ಒಳಹೊರಗು ಗೊತ್ತು. ಇಬ್ಬರೂ ಕೂಡಿ ಕುಳಿತು ಬರೆದ ಪ್ರಾಂಪ್ಟಿನಲ್ಲಿ ಎರಡೂ ಸೇರುತ್ತವೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಗಿರಾಕಿಯ ವಿಷಯದಲ್ಲೂ ಸತ್ಯ. ಹೇಳಿದ ದರಕ್ಕೆ ಹೇಳಿದ ಪದಾರ್ಥವನ್ನು ಕೊಡುತ್ತಾರೆಂಬ ಹೆಸರೇ ಸಣ್ಣ ಉದ್ದಿಮೆಯ ದೊಡ್ಡ ಬಂಡವಾಳ. ಪ್ರಾಂಪ್ಟಿನಲ್ಲಿ ಒಂದು ವಿವರವನ್ನು ಹೆಚ್ಚಾಗಿ ಬರೆಯುವ, ಬಂದ ಉತ್ತರವನ್ನು ಒಮ್ಮೆ ಪೂರ್ತಿ ಓದಿ ಕಳುಹಿಸುವ ಐದು ನಿಮಿಷದ ಶ್ರಮ ಆ ಬಂಡವಾಳವನ್ನು ಕಾಯುತ್ತದೆ.